ಪೆಟ್ಟಿಗೆ ಚಿಕ್ಕದಾದ ಕಥೆ: ಲ್ಯಾಮಿಂಗ್ಟನ್ ರೋಡಿನಿಂದ ನೆರೂಳಿಗೆ

ಕಂಪ್ಯೂಟರನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂದರೆ ಊರಲ್ಲಿ ನಗುತ್ತಾರೆ. ಹಾಲು, ಎಣ್ಣೆ, ಹೆಚ್ಚೆಂದರೆ ಕುಕ್ಕರು, ಇವು ಲೀಟರಿನ ಲೆಕ್ಕಕ್ಕೆ ಬರುವ ವಸ್ತುಗಳು. ಆದರೆ ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರ ನಡುವೆ ಹತ್ತು ಹನ್ನೆರಡು ವರ್ಷಗಳಿಂದ ಇದೇ ಅಳತೆ ಚಾಲ್ತಿಯಲ್ಲಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿದಾಗ ಸುಮಾರು 20 ಲೀಟರಿನೊಳಗೆ ಬಂದರೆ ಅದು ಸಣ್ಣ ಯಂತ್ರ. ಮೇಜಿನ ಕೆಳಗೆ ಕಾಲಿಗೆ ತಾಗುತ್ತಿದ್ದ ಹಳೆಯ ಟವರ್ ಕ್ಯಾಬಿನೆಟ್ಟು ಇದರ ಎರಡು ಪಟ್ಟಿಗೂ ಹೆಚ್ಚು.

ನೆರೂಳಿನ ನಮ್ಮ ಮನೆಯ ಟಿವಿ ಕಪಾಟಿಗೆ ಹೊಂದುವಂಥದ್ದೊಂದನ್ನು ಕಟ್ಟಬೇಕೆಂದು ಈಚೆಗೆ ಬಿಡಿಭಾಗಗಳನ್ನು ಆರಿಸುತ್ತ ಕೂತಿದ್ದೆ. ಮಕ್ಕಳಿಗೆ ಆಟ, ನಮಗೆ ಸಿನಿಮಾ, ಭಾನುವಾರ ಮಧ್ಯಾಹ್ನಕ್ಕೆ ಯಕ್ಷಗಾನದ ವಿಡಿಯೋ, ಇಷ್ಟು ಅದರ ಕೆಲಸ. ಆರಿಸುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಪ್ರತಿಯೊಂದು ಭಾಗದ ಅಳತೆಯ ಹಿಂದೆ ಒಂದು ಇಸವಿ ಇದೆ, ಪ್ರತಿಯೊಂದರ ಬೆಲೆಯ ಹಿಂದೆ ಒಂದು ಸರಕಾರಿ ಆದೇಶವೋ ಎಲ್ಲೋ ನಡೆದ ದುರಂತವೋ ಇದೆ. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು, ಇದು ಇಲ್ಲಿಗೆ ಹೇಗೆ ಬಂತು ಎಂದೂ ಕೇಳಿಕೊಳ್ಳುವುದು ಒಳ್ಳೆಯದು. ಈ ಬರಹ ಅದಕ್ಕಾಗಿ.

ಕೊಲಾಬಾದ ಮೊದಲ ಜೋಡಣೆ

ಬಿಡಿಭಾಗಗಳನ್ನು ತಂದು ಕಂಪ್ಯೂಟರ್ ಕಟ್ಟುವ ಕೆಲಸ ಮುಂಬಯಿಗೆ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡ 1950ರ ದಶಕದ ನಡುವಿನಲ್ಲೇ ಅದನ್ನು ಶುರುಮಾಡಿತ್ತು. 1956ರಲ್ಲಿ ಪ್ರಾಯೋಗಿಕ ಯಂತ್ರ ಓಡಿತು, 1960ರಲ್ಲಿ ಪೂರ್ಣ ಯಂತ್ರ ಸಿದ್ಧವಾಯಿತು. 1962ರಲ್ಲಿ ಅದಕ್ಕೆ ‘ಟಿಫ್ರಾಕ್’ ಎಂದು ಹೆಸರಾಯಿತು. ಅದರಲ್ಲಿದ್ದ ನಿರ್ವಾತ ಕೊಳವೆಗಳು ಸುಮಾರು 2,700, ಜರ್ಮೇನಿಯಮ್ ಡಯೋಡುಗಳು 1,700, ರೆಸಿಸ್ಟರುಗಳು 12,500. ಅದರ ನೆನಪಿನ ಶಕ್ತಿ 40 ಬಿಟ್ಟುಗಳ 2,048 ಪದಗಳು. ಈಗಿನ ಲೆಕ್ಕದಲ್ಲಿ ಅದು ಬರೀ 10 ಕಿಲೋಬೈಟ್. ನಾನು ಈಗ ಕೊಳ್ಳಬೇಕೆಂದಿರುವ 16 ಗಿಗಾಬೈಟಿನ ಮೆಮೊರಿಯಲ್ಲಿ ಅಂಥ ಹದಿನಾರು ಲಕ್ಷಕ್ಕೂ ಹೆಚ್ಚು ಟಿಫ್ರಾಕ್‌ಗಳ ನೆನಪನ್ನು ತುಂಬಬಹುದು.

ಟಿಫ್ರಾಕ್ ಕಟ್ಟಿದವರು ವಿಜ್ಞಾನಿಗಳು, ಬೆನ್ನಿಗೆ ಸರಕಾರವಿತ್ತು. ಅಲ್ಲಿಂದ ನಮ್ಮಂಥ ಸಾಮಾನ್ಯರ ಕೈಗೆ ಸ್ಕ್ರೂಡ್ರೈವರ್ ಬರಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು. ಎರಡು ಸಂಗತಿಗಳು ಕೂಡಿಬಂದಾಗ ಅದು ಸಾಧ್ಯವಾಯಿತು.

ಸ್ಕ್ರೂಡ್ರೈವರ್ ಕೊಟ್ಟ ನೀತಿ

ಮೊದಲನೆಯದು ಅಮೆರಿಕದಲ್ಲಿ ನಡೆಯಿತು. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಬೇಗ ಮಾರುಕಟ್ಟೆಗೆ ತರುವ ಅವಸರದಲ್ಲಿ ಆ ಕಂಪನಿ ಎಲ್ಲವನ್ನೂ ತಾನೇ ಮಾಡಲಿಲ್ಲ. ಪ್ರೊಸೆಸರ್ ಇಂಟೆಲ್‌ನದು, ಡಾಸ್ ಮೈಕ್ರೋಸಾಫ್ಟಿನದು. ಮದರ್‌ಬೋರ್ಡಿನಲ್ಲಿ ಬೇರೆಯವರ ಕಾರ್ಡುಗಳನ್ನು ಸಿಕ್ಕಿಸಲು 5 ಸ್ಲಾಟುಗಳಿದ್ದವು, ಅವುಗಳ ವಿವರ ಮುದ್ರಿತ ಕೈಪಿಡಿಯಲ್ಲಿತ್ತು. ವಿದ್ಯುತ್ ಪೂರೈಸುವ ಡಬ್ಬಿ ಕೇವಲ 63.5 ವಾಟಿನದು. ಯಾರು ಬೇಕಾದರೂ ಹೊಂದುವ ಭಾಗಗಳನ್ನು ಮಾಡಬಹುದು ಎಂದಾದ ಮೇಲೆ ತದ್ರೂಪಿ ಯಂತ್ರಗಳು ಹುಟ್ಟಿದವು, ತೈವಾನಿನ ಕಾರ್ಖಾನೆಗಳು ಬೆಳೆದವು.

ಎರಡನೆಯದು ದೆಹಲಿಯಲ್ಲಿ ನಡೆಯಿತು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಗಿತ್ತು. ಕಂಪ್ಯೂಟರ್ ಎಂದರೆ ಪರವಾನಗಿ, ಎಲ್ಲದಕ್ಕೂ ಅರ್ಜಿ ಎಂಬ ಕಾಲ ಅದು. 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ರಾಷ್ಟ್ರೀಯ ಮಾಹಿತಿ ಕೇಂದ್ರದ ಸ್ಥಾಪಕ ಮಹಾನಿರ್ದೇಶಕ ಡಾ. ಎನ್. ಶೇಷಗಿರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಪರವಾನಗಿಯ ಕಟ್ಟು ಸಡಿಲವಾಯಿತು, ಬಿಡಿಭಾಗಗಳ ಆಮದು ಸುಂಕ ಇಳಿಯಿತು. ಸಿದ್ಧ ಯಂತ್ರ ತರಿಸುವುದಕ್ಕಿಂತ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವುದು ಅಗ್ಗವಾಯಿತು. ಇದು ಸ್ವಂತ ತಂತ್ರಜ್ಞಾನವಲ್ಲ, ಬರೀ ‘ಸ್ಕ್ರೂಡ್ರೈವರ್ ತಂತ್ರಜ್ಞಾನ’ ಎಂದು ಟೀಕೆಯೂ ಬಂತು. ಟೀಕೆಯಲ್ಲಿ ಸತ್ಯವಿತ್ತು. ಆದರೆ ಆ ಸ್ಕ್ರೂಡ್ರೈವರ್ ಹಿಡಿದೇ ಒಂದು ತಲೆಮಾರು ಕಂಪ್ಯೂಟರಿನ ಒಳಗೆ ಏನಿದೆ ಎಂದು ಕಲಿತದ್ದೂ ಅಷ್ಟೇ ಸತ್ಯ.

ಮುಂದೆ 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದವಾಯಿತು. 1997ರಲ್ಲಿ ಭಾರತ ಅದನ್ನು ಸೇರಿತು. 2005ರ ಹೊತ್ತಿಗೆ ಕಂಪ್ಯೂಟರ್ ಮತ್ತು ಅದರ ಭಾಗಗಳ ಮೇಲಿನ ಮೂಲ ಆಮದು ಸುಂಕ ಹಂತಹಂತವಾಗಿ ಸೊನ್ನೆಗೆ ಬಂತು. ನಮ್ಮ ವಯಸ್ಸಿನವರು ಕಾಲೇಜಿನಲ್ಲಿದ್ದಾಗ ವರ್ಷದಿಂದ ವರ್ಷಕ್ಕೆ ಬೆಲೆ ಇಳಿದದ್ದರ ಹಿಂದೆ ತಂತ್ರಜ್ಞಾನದ ಪ್ರಗತಿಯ ಜೊತೆ ಈ ಸಹಿಯೂ ಇತ್ತು.

ಸಿನಿಮಾ ರಸ್ತೆ, ಬಿಡಿಭಾಗಗಳ ರಸ್ತೆ

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರು ಅದಕ್ಕೆ. ಈಗ ಫಲಕದ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದೆ, ಬಾಯಲ್ಲಿ ಹಳೆಯದೇ ಉಳಿದಿದೆ. ಇದು ಮೊದಲು ಸಿನಿಮಾದ ರಸ್ತೆ. ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಟಾಕೀಸು ಇಲ್ಲಿತ್ತು. ನಾಜ್ ಚಿತ್ರಮಂದಿರದ ಕಟ್ಟಡದಲ್ಲಿ ಸಿನಿಮಾ ವಿತರಕರ ಕಚೇರಿಗಳಿದ್ದವು. ಅದರ ಪಕ್ಕಪಕ್ಕದಲ್ಲೇ ರೇಡಿಯೋ, ಆಂಪ್ಲಿಫೈಯರ್, ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರ್ ಮಾರುವ ಅಂಗಡಿಗಳು ಬೆಳೆದವು. ಎಲೆಕ್ಟ್ರಾನಿಕ್ಸ್ ಬಲ್ಲ ಆ ಅಂಗಡಿಗಳ ಸಾಲಿಗೆ 80ರ ದಶಕದ ಕೊನೆಯಿಂದ ಮದರ್‌ಬೋರ್ಡುಗಳೂ ಬಂದು ಸೇರಿದವು. ಸಿನಿಮಾ ನೋಡಲು ಜನ ಹೋಗುತ್ತಿದ್ದ ರಸ್ತೆಯಿಂದ, ಮನೆಯಲ್ಲಿ ಸಿನಿಮಾ ನೋಡುವ ಯಂತ್ರದ ಭಾಗಗಳು ಹೊರಟವು.

ಅಲ್ಲಿನ ವ್ಯಾಪಾರಕ್ಕೆ ತನ್ನದೇ ವ್ಯಾಕರಣವಿತ್ತು. ಪಕ್ಕಾ ಬಿಲ್ಲಿಗೆ ಒಂದು ರೇಟು, ಕಚ್ಚಾ ಚೀಟಿಗೆ ಒಂದು ರೇಟು. ಅಧಿಕೃತ ವಿತರಕರ ಮೂಲಕ ಬಂದ ಸರಕಿಗೆ ವಾರಂಟಿ ಉಂಟು, ಬೇರೆ ದಾರಿಯಲ್ಲಿ ಬಂದ ‘ಗ್ರೇ’ ಸರಕಿಗೆ ಅಂಗಡಿಯವನ ಮಾತೇ ವಾರಂಟಿ. ಮೆಮೊರಿಯ ಬೆಲೆಯಂತೂ ತರಕಾರಿಯ ಹಾಗೆ, ಬೆಳಗ್ಗೆ ಕೇಳಿದ ರೇಟು ಸಂಜೆಗೆ ಸಿಗುತ್ತದೆಂಬ ಭರವಸೆಯಿಲ್ಲ. ‘ಶೇಟ್, ಎರಡು ದಿನದಲ್ಲಿ ಬರುತ್ತೇನೆ, ಇದೇ ರೇಟು ಇಟ್ಟುಕೊಳ್ಳಿ’ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ಶೇಟ್ ನಗುತ್ತಿದ್ದ. ಜೋಡಿಸಿಕೊಡುವ ಹುಡುಗರು ಬೇರೆಯೇ ಇದ್ದರು. ಬಿಡಿಭಾಗ ಕೊಂಡು, ಅವರ ಕೈಗೆ ಕೊಟ್ಟು, ವಿಂಡೋಸ್ ಹಾಕಿಸಿಕೊಂಡು ಹೊರಡುವುದು. ಆ ವಿಂಡೋಸಿಗೆ ಲೈಸೆನ್ಸ್ ಇದೆಯೇ ಎಂದು ಕೇಳುವ ರೂಢಿ ಇರಲಿಲ್ಲ. ಆ ಅಗ್ಗದ ಯಂತ್ರಗಳ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅರ್ಧ ಕಥೆಯಾಗುತ್ತದೆ.

ಆದರೂ ಆ ಯಂತ್ರಗಳು ಮಾಡಿದ ಕೆಲಸ ದೊಡ್ಡದು. ಕಂಪನಿ ಬ್ರ್ಯಾಂಡಿನ ಕಂಪ್ಯೂಟರ್ ಕೈಗೆಟುಕದ ಸಂಸಾರಗಳಿಗೆ, ಸೈಬರ್ ಕೆಫೆಗಳಿಗೆ, ಸಣ್ಣ ಮುದ್ರಣಾಲಯಗಳಿಗೆ ಹೊಕ್ಕದ್ದು ‘ಅಸೆಂಬಲ್ಡ್’. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಸಂಘಸಂಸ್ಥೆಗಳ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಕನ್ನಡ ಅಕ್ಷರಗಳು ಮೂಡಿದ್ದು ಹೆಚ್ಚಾಗಿ ಇಂಥ ಹೆಸರಿಲ್ಲದ ಪೆಟ್ಟಿಗೆಗಳಲ್ಲೇ.

ಈ ಕಥೆಯಲ್ಲಿ ನಮ್ಮ ನೆರೂಳಿನ ದಿಕ್ಕಿನಿಂದ ಕಾಣುವ ಒಂದು ತಮಾಷೆಯಿದೆ. ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ, ನೆರೂಳಿಗೆ ಅದರ ಮರುವರ್ಷ. ಆದರೆ ಅದಕ್ಕಿಂತ ಮೊದಲೇ, 1989ರಲ್ಲಿ, ಇಲ್ಲಿಂದ ಕೂಗಳತೆಯಾಚೆಯ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಶುರುವಾಗಿತ್ತು. ಚಿಪ್ಪುಗಳಂಥ ಹಗುರ ಸರಕು ವಿಮಾನದಲ್ಲಿ ಬಂದರೂ ಕ್ಯಾಬಿನೆಟ್ಟಿನಂಥ ಭಾರದ ಸರಕಿಗೆ ಹಡಗೇ ಗತಿ. ಹಾಗೆ ಖಾಡಿಯ ಈ ಬದಿಯಲ್ಲಿ ಇಳಿದ ಪೆಟ್ಟಿಗೆ ಟ್ರಕ್ಕಿನಲ್ಲಿ ಸೇತುವೆ ದಾಟಿ, ಮುಂಬಯಿಯ ಗಡಿಯ ನಾಕಾದಲ್ಲಿ ಜಕಾತಿ ಕಟ್ಟಿ, ಲ್ಯಾಮಿಂಗ್ಟನ್ ರೋಡ್ ಸೇರುತ್ತಿತ್ತು. ನೆರೂಳಿನ ಗಿರಾಕಿ ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ, ಅಲ್ಲಿಂದ ದಾದರಿಗೆ, ಮತ್ತೆ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿ, ಅದನ್ನು ಕೊಂಡು, ಲಗೇಜ್ ಡಬ್ಬಿಯಲ್ಲಿ ನಿಂತು ವಾಪಸು ತರಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಜಕಾತಿ ಹೋಯಿತು, ಕಚ್ಚಾ ಚೀಟಿಯ ಕಾಲವೂ ಬಹುಮಟ್ಟಿಗೆ ಹೋಯಿತು. ಈಗ ಭಾಗಗಳು ಬಾಗಿಲಿಗೇ ಬರುತ್ತವೆ. 2024ರ ಜನವರಿಯಿಂದ ನೆರೂಳಿನಿಂದ ಉರಣಿಗೆ ಲೋಕಲ್ ಓಡುತ್ತಿದೆ, ಅದರ ಒಂದು ನಿಲ್ದಾಣದ ಹೆಸರೇ ನ್ಹಾವಾ ಶೇವಾ.

170 ಮಿಲಿಮೀಟರ್

ಇನ್ನು ಪೆಟ್ಟಿಗೆ ಕಿರಿದಾದ ಬಗೆ. 1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಅಳತೆಯನ್ನು ನಿಗದಿ ಮಾಡಿತು. ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಸ್ಕ್ರೂ ತೂತುಗಳು ಎಲ್ಲಿರಬೇಕು, ಹಿಂಬದಿಯ ಸಂಪರ್ಕಗಳು ಎಲ್ಲಿ ಬರಬೇಕು ಎಲ್ಲವೂ ನಿಶ್ಚಿತ. ಒಬ್ಬರ ಬೋರ್ಡ್ ಇನ್ನೊಬ್ಬರ ಪೆಟ್ಟಿಗೆಗೆ ಹೊಂದುವುದು ಇದರಿಂದಲೇ. 1997ರಲ್ಲಿ 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಬಂತು. 2001ರಲ್ಲಿ ತೈವಾನಿನ ವಿಯಾ ಕಂಪನಿ 170 ಮಿ.ಮೀ. ಚೌಕದ ‘ಮಿನಿ ಐಟಿಎಕ್ಸ್’ ತಂದಿತು. ವಿಸ್ತೀರ್ಣದಲ್ಲಿ ಇದು ಎಟಿಎಕ್ಸಿನ ಶೇ. 40ಕ್ಕಿಂತ ಕಡಿಮೆ. ವಿಯಾ ಇದನ್ನು ಮಾಡಿದ್ದು ಆಟಕ್ಕಲ್ಲ. ಕಡಿಮೆ ವಿದ್ಯುತ್ತಿನ ತನ್ನ ಪ್ರೊಸೆಸರುಗಳನ್ನು ಸಣ್ಣಪುಟ್ಟ ಉಪಕರಣಗಳಿಗೆ ಮಾರಲು. ಹವ್ಯಾಸಿಗಳು ಅದನ್ನು ತಮ್ಮದಾಗಿಸಿಕೊಂಡರು. ನಾಲ್ಕು ತೂತು, ಎರಡು ಮೆಮೊರಿ ಸ್ಲಾಟು, ಒಂದೇ ಒಂದು ಕಾರ್ಡಿಗೆ ಜಾಗ. ಆ ಒಂದು ಸ್ಲಾಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಟಕ್ಕೆ ಸಾಕು ಎಂದು ಅವರು ಕಂಡುಕೊಂಡರು.

ಉಳಿದದ್ದೆಲ್ಲ ಕಳಚಿಬಿದ್ದದ್ದು ಬೇರೆಬೇರೆ ಕಾರಣಗಳಿಗೆ. ಫ್ಲಾಪಿ ಹೋಯಿತು. ಇಂಟರ್ನೆಟ್ ಬಲವಾದ ಮೇಲೆ ಡಿವಿಡಿ ಡ್ರೈವ್ ಹೋಯಿತು. ಬೆರಳಗಲದ ಎಂ.2 ಡ್ರೈವ್ ನೇರವಾಗಿ ಬೋರ್ಡಿನ ಮೇಲೆ ಮಲಗತೊಡಗಿದಾಗ ಹಾರ್ಡ್ ಡಿಸ್ಕಿನ ಗೂಡೂ ಎರಡೆರಡು ಕೇಬಲ್ಲುಗಳೂ ಹೋದವು. ವಿದ್ಯುತ್ ಡಬ್ಬಿಯೂ ಕಿರಿದಾಯಿತು. ಸಾಮಾನ್ಯ ಎಟಿಎಕ್ಸ್ ಡಬ್ಬಿಯ ಗಾತ್ರ 1.8 ಲೀಟರ್, ಎಸ್‌ಎಫ್‌ಎಕ್ಸ್ ಡಬ್ಬಿಯದು 0.8 ಲೀಟರ್. 2013ರಲ್ಲಿ ಜನರಿಂದಲೇ ಮುಂಗಡ ಹಣ ಸಂಗ್ರಹಿಸಿ ತಯಾರಾದ 12.6 ಲೀಟರಿನ ‘ಎನ್‌ಕೇಸ್ ಎಂ1’ ಸಣ್ಣ ಪೆಟ್ಟಿಗೆಗೂ ಕೊಳ್ಳುವವರಿದ್ದಾರೆ ಎಂದು ತೋರಿಸಿತು. ಆಮೇಲೆ ದೊಡ್ಡ ಕಂಪನಿಗಳು ಬಂದವು. 2020ರಲ್ಲಿ ಕೂಲರ್ ಮಾಸ್ಟರಿನ 18 ಲೀಟರ್‌ನ ಎನ್‌ಆರ್200, 2023ರಲ್ಲಿ ಫ್ರ್ಯಾಕ್ಟಲ್ ಡಿಸೈನಿನ 10.4 ಲೀಟರ್‌ನ ಟೆರಾ.

ಹಾಲ್ ಸಿಕ್ಕ ಮೇಲೆ ಮುಹೂರ್ತ

ಈಗ ಆಯ್ಕೆಗೆ ಬರೋಣ. ದೊಡ್ಡ ಯಂತ್ರ ಕಟ್ಟುವವರು ಮೊದಲು ಪ್ರೊಸೆಸರ್ ಆರಿಸುತ್ತಾರೆ, ಕೊನೆಗೆ ಕ್ಯಾಬಿನೆಟ್. ಸಣ್ಣದರಲ್ಲಿ ಕ್ರಮ ತಿರುಗುಮುರುಗು. ಮುಂಬಯಿಯಲ್ಲಿ ಮದುವೆಗೆ ಹಾಲ್ ಸಿಕ್ಕ ದಿನವೇ ಮುಹೂರ್ತ ಎನ್ನುವ ಹಾಗೆ ಇಲ್ಲಿ ಪೆಟ್ಟಿಗೆ ಗೊತ್ತಾದ ಮೇಲೆಯೇ ಉಳಿದೆಲ್ಲ. ಪೆಟ್ಟಿಗೆಯ ವಿವರದಲ್ಲಿ ಮೂರು ಸಂಖ್ಯೆಗಳನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಪ್ರೊಸೆಸರ್ ಮೇಲಿನ ಕೂಲರಿಗೆ ಎಷ್ಟು ಎತ್ತರ, ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಉದ್ದ ಮತ್ತು ದಪ್ಪ, ಯಾವ ಜಾತಿಯ ವಿದ್ಯುತ್ ಡಬ್ಬಿ. ಈ ಮೂರರಲ್ಲಿ ಒಂದು ತಪ್ಪಿದರೂ ಮುಚ್ಚಳ ಹಾಕಲಾಗದು.

ಎರಡನೆಯ ನಿರ್ಧಾರ, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ. 2011ರಿಂದ ಎಎಂಡಿ ಪ್ರೊಸೆಸರಿನೊಳಗೇ ಸಾಕಷ್ಟು ಬಲದ ಗ್ರಾಫಿಕ್ಸ್ ಸೇರಿಸುತ್ತ ಬಂದಿದೆ. 2021ರ ರೈಜನ್ 5 5600ಜಿ ಹಳೆಯ ಆಟಗಳಿಗೂ ಸಿನಿಮಾಕ್ಕೂ ಸಾಕು. ಆದರೆ ಯೂಟ್ಯೂಬ್ ಈಗ ಹೆಚ್ಚೆಚ್ಚು ಬಳಸುವ ಎವಿ1 ಎಂಬ ವಿಡಿಯೋ ಸಂಕೇತವನ್ನು ಅದರ ಗ್ರಾಫಿಕ್ಸ್ ತಾನೇ ಬಿಡಿಸಲಾರದು, ಆ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. 2024ರ ರೈಜನ್ 7 8700ಜಿ ಬಿಡಿಸುತ್ತದೆ. ಎರಡೂ 65 ವಾಟಿನವು. ಬೇರೆ ಕಾರ್ಡೇ ಬೇಕೆಂದರೆ 115 ವಾಟಿನ ಆರ್‌ಟಿಎಕ್ಸ್ 4060ರಂಥ ಗಿಡ್ಡ ಕಾರ್ಡುಗಳು ಸಣ್ಣ ಪೆಟ್ಟಿಗೆಗೆ ಹೊಂದುತ್ತವೆ. ಟಿವಿಯ ರಿಮೋಟಿನಿಂದಲೇ ಎಲ್ಲ ನಡೆಯಲಿ ಎಂದು ಬಯಸುವವರಿಗೆ ಒಂದು ಎಚ್ಚರಿಕೆ: ಸಾಮಾನ್ಯ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳ ಎಚ್‌ಡಿಎಂಐ ಕಿಂಡಿ ರಿಮೋಟಿನ ಆಜ್ಞೆಯನ್ನು ಒಳಗೆ ಬಿಡುವುದಿಲ್ಲ. ಸಣ್ಣದೊಂದು ತಂತಿರಹಿತ ಕೀಬೋರ್ಡ್ ಬೇಕೇ ಬೇಕು.

ಮೂರನೆಯದು ಶಾಖ. ಯಂತ್ರ ಎಳೆದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಬಿಸಿಯಾಗುತ್ತದೆ. ಮೇ ತಿಂಗಳಲ್ಲಿ ನೆರೂಳಿನ ಮನೆಯೊಳಗೇ 33 ಡಿಗ್ರಿ ಇರುವಾಗ 250 ವಾಟಿನ ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಅದು ಒಲೆಯೇ. ಚಳಿದೇಶದ ಪರೀಕ್ಷಾ ವರದಿಗಳು 20–22 ಡಿಗ್ರಿಯ ಕೋಣೆಯಲ್ಲಿ ಅಳೆದವು, ಅವುಗಳ ಅಂಕಿಗೆ ಹತ್ತು ಹನ್ನೆರಡು ಡಿಗ್ರಿ ಸೇರಿಸಿಯೇ ಓದಬೇಕು. ಕಪಾಟಿನ ಹಿಂಬದಿ ತೆರೆದಿರಲಿ, ಸಣ್ಣ ಫ್ಯಾನುಗಳ ಕೂಗಾಟಕ್ಕಿಂತ 120 ಮಿ.ಮೀ.ನ ನಿಧಾನದ ಫ್ಯಾನ್ ಇರಲಿ, ಧೂಳಿನ ಜಾಲರಿ ಬಿಚ್ಚಿ ತೊಳೆಯುವಂತಿರಲಿ. ಮಳೆಗಾಲದ ತೇವಕ್ಕೆ ಉತ್ತಮ ಮದ್ದೆಂದರೆ ಯಂತ್ರವನ್ನು ವಾರಗಟ್ಟಲೆ ಸುಮ್ಮನೆ ಬಿಡದೆ ಆಗಾಗ ಓಡಿಸುವುದು. ಹಾಗಾಗಿ 10 ಲೀಟರಿನ ಅಂದಕ್ಕೆ ಮನಸೋತರೂ ನಮ್ಮ ಹವೆಗೆ 18 ಲೀಟರಿನದೇ ಸರಿ ಎಂದು ನಿರ್ಧರಿಸಿದೆ. ಚದರಡಿಗೆ ಇಷ್ಟೊಂದು ಬೆಲೆ ಕೊಡುವ ಊರಿನಲ್ಲಿ ಗಾಳಿಗಾಗಿ 8 ಲೀಟರ್ ಬಿಟ್ಟುಕೊಡುವುದು ದುಂದಲ್ಲ.

ಮೆಮೊರಿಯ ಮಾರುಕಟ್ಟೆ

ನಾಲ್ಕನೆಯದು ಮೆಮೊರಿ. ಒಳಗಿನ ಗ್ರಾಫಿಕ್ಸನ್ನೇ ನಂಬುವವರು ಒಂದು ದೊಡ್ಡ ಪಟ್ಟಿಯ ಬದಲು ಎರಡು ಸಮ ಪಟ್ಟಿಗಳನ್ನು ಹಾಕಬೇಕು, ಏಕೆಂದರೆ ಚಿತ್ರ ಬಿಡಿಸುವ ಭಾಗವೂ ಅದೇ ಮೆಮೊರಿಯನ್ನು ಹಂಚಿಕೊಳ್ಳುತ್ತದೆ, ಎರಡು ದಾರಿಯಿದ್ದರೆ ವೇಗ ಹೆಚ್ಚು. ಲೆಕ್ಕ ಸುಲಭ, ಬೆಲೆಯದ್ದೇ ಕಷ್ಟ. 1993ರ ಜುಲೈಯಲ್ಲಿ ಜಪಾನಿನ ಸುಮಿಟೊಮೊ ಕಾರ್ಖಾನೆಯಲ್ಲಿ ಸ್ಫೋಟವಾಗಿ ಚಿಪ್ಪು ಮುಚ್ಚುವ ರಾಳದ ಪೂರೈಕೆ ನಿಂತಾಗ ಮೆಮೊರಿ ಬೆಲೆ ಜಿಗಿದಿತ್ತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನ ಭೂಕಂಪದಿಂದ ಮತ್ತೆ ಜಿಗಿಯಿತು. ಅವೆರಡೂ ಅಪಘಾತಗಳು, ಕಾಲ ಕಳೆದಂತೆ ಇಳಿದವು. 2025ರ ಕೊನೆಯಲ್ಲಿ ಆದದ್ದು ಅಪಘಾತವಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗಾಗಿ ಮೆಮೊರಿ ತಯಾರಕರು ತಮ್ಮ ಕಾರ್ಖಾನೆಗಳನ್ನೇ ಆ ಕಡೆ ತಿರುಗಿಸಿದರು. ಬೆಲೆ ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ‘ಕ್ರೂಶಿಯಲ್’ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಅಂಗಡಿಯ ಕಪಾಟಿನಲ್ಲಿ ಬಿಡಿ ಮೆಮೊರಿ ಮಾರುವುದಕ್ಕಿಂತ ದೊಡ್ಡ ಗಿರಾಕಿಗೆ ಕೊಡುವುದೇ ಲಾಭ ಎಂಬುದು ಅದರ ಅರ್ಥ.

ಇದರ ಪಕ್ಕದಲ್ಲಿ ಇನ್ನೊಂದು ದಿನಾಂಕವನ್ನಿಟ್ಟು ನೋಡಬೇಕು. 2023ರ ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಜೊತೆಗೆ ‘ಅಲ್ಟ್ರಾ ಸ್ಮಾಲ್ ಫಾರ್ಮ್ ಫ್ಯಾಕ್ಟರ್’ ಕಂಪ್ಯೂಟರುಗಳ ಆಮದಿಗೂ ಪರವಾನಗಿ ಬೇಕು ಎಂದಿತು. ಮರುದಿನವೇ ಜಾರಿಯನ್ನು ಮುಂದೂಡಿದರು, ಆಮೇಲೆ ಅದು ಆನ್‌ಲೈನ್ ಅನುಮತಿಯ ವ್ಯವಸ್ಥೆಯಾಗಿ ಮೆತ್ತಗಾಯಿತು. ಬಿಡಿಭಾಗಗಳು ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಅಂಗೈಯಗಲದ ಸಿದ್ಧ ಪೆಟ್ಟಿಗೆಗೆ ಅನುಮತಿ ಬೇಕು, ಅದನ್ನು ಕಟ್ಟುವ ಭಾಗಗಳಿಗೆ ಬೇಡ. ಸುಮಾರು ನಲವತ್ತು ವರ್ಷಗಳ ನಂತರ ನೀತಿ ಮತ್ತೆ 1984ರ ಕಡೆಗೆ ವಾಲಿತ್ತು, ಸ್ಕ್ರೂಡ್ರೈವರ್ ಹಿಡಿದವನಿಗೆ ದಾರಿ ಬಿಟ್ಟಿತ್ತು.

ಆದರೆ ದಾರಿ ಬಿಡುವ ಅಧಿಕಾರ ಈಗ ದೆಹಲಿಯೊಂದರ ಕೈಯಲ್ಲಿಲ್ಲ. ಮೂರೇ ಮೂರು ದೊಡ್ಡ ಮೆಮೊರಿ ತಯಾರಕರು ಬಿಡಿ ಗಿರಾಕಿ ಬೇಡವೆಂದರೆ ಮಿನಿ ಐಟಿಎಕ್ಸಿನ ಆ ಎರಡು ಸ್ಲಾಟುಗಳು ಖಾಲಿ ಉಳಿಯುತ್ತವೆ. ಇನ್ನೊಂದು ಕಡೆ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ, ಬಿಚ್ಚಲಾಗದ ಪೆಟ್ಟಿಗೆಗಳು ಹೆಚ್ಚುತ್ತಿವೆ. ಅವು ಅಂದವಾಗಿವೆ, ತಣ್ಣಗಿವೆ, ನಮ್ಮ ಕಪಾಟಿಗೂ ಚೆನ್ನಾಗಿ ಹೊಂದುತ್ತವೆ. ಕೆಟ್ಟರೆ ಮಾತ್ರ ಇಡೀ ಪೆಟ್ಟಿಗೆಯೇ ಕಸ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಕ್ಲೌಡಿನಲ್ಲಿ, ಕಣ್ಣಿಗೆ ಕಾಣದ ಯಂತ್ರಗಳ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ, ಬಿಚ್ಚಿ ನೋಡಬಹುದಾದ ಒಂದು ಯಂತ್ರ ಮನೆಯಲ್ಲಿರುವುದು ಹಳೆಯ ಮೋಹ ಮಾತ್ರವಲ್ಲ. ಮಕ್ಕಳಿಗೆ ಆ ಮುಚ್ಚಳ ತೆಗೆದು ಇದು ಮೆಮೊರಿ, ಇದು ಪ್ರೊಸೆಸರ್ ಎಂದು ತೋರಿಸಲು ಬೇರೆ ಪಾಠಶಾಲೆಯಿಲ್ಲ.

ಕೊನೆಗೆ ನಾನು ಆರಿಸಿದ್ದು ಡಿಡಿಆರ್4 ಮೆಮೊರಿಯ ಹಳೆಯ ಎಎಂ4 ಬೋರ್ಡನ್ನು, 5600ಜಿ ಪ್ರೊಸೆಸರನ್ನು, 8 ಗಿಗಾಬೈಟಿನ ಎರಡು ಪಟ್ಟಿಗಳನ್ನು, 18 ಲೀಟರಿನ ಪೆಟ್ಟಿಗೆಯನ್ನು. ಎವಿ1 ಬಿಡಿಸುವ ಭಾರ ಸದ್ಯಕ್ಕೆ ಪ್ರೊಸೆಸರೇ ಹೊರಲಿ. ವಿದ್ಯುತ್ ಡಬ್ಬಿ ಮಾತ್ರ ಒಳ್ಳೆಯದು, 550 ವಾಟಿನದು. ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಈಗ ಖಾಲಿ. ಮುಂದೆ ಬೆಲೆ ಇಳಿದರೆ ಎವಿ1 ಬಲ್ಲ ಕಾರ್ಡೊಂದು ಅಲ್ಲಿ ಕೂರುತ್ತದೆ. ಇಳಿಯದಿದ್ದರೂ ಯಂತ್ರ ಓಡುತ್ತದೆ. ಖಾಲಿ ಬಿಟ್ಟ ಸ್ಲಾಟು ಎಂದರೆ ಮುಂದಿನ ಮಾತಿಗೆ ಬಿಟ್ಟ ಜಾಗ. 1981ರ ಆ ಐದು ಸ್ಲಾಟುಗಳಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಈ ಒಂದು.